ಹದಿನೈದು ಸ್ಟೂಲಿನ ಭೂಗೋಳ

ದೇವಸಮುದ್ರದ ಸುಂಕಪ್ಪನವರ ಮನೆ ಮುಂದೆ ಆಟೋ ನಿಂತಾಗ ಬೆಳಿಗ್ಗೆ ಏಳೂಕಾಲು. ಸುಂಕಪ್ಪ ಕಟ್ಟೆಯ ಮೇಲೆ ಕುಳಿತು ಬೇವಿನ ಕಡ್ಡಿಯಲ್ಲಿ ಹಲ್ಲುಜ್ಜುತ್ತಿದ್ದರು. ಆಟೋದಿಂದ ಇಳಿದ ಹೆಂಗಸಿನ ಕೈಯಲ್ಲಿ ಹೆಸರುಗಳ ಪಟ್ಟಿ ಇತ್ತು. ಕೆಲವು ಹೆಸರಿನ ಮುಂದೆ ಟಿಕ್ ಗುರುತು, ಹೆಚ್ಚಿನವುಗಳ ಮೇಲೆ ಅಡ್ಡಗೆರೆ. ಸುಂಕಪ್ಪ ಕಡ್ಡಿಯನ್ನು ಬಾಯಿಂದ ತೆಗೆದು, ಯಾವ ಪಾರ್ಟಿಯವರು ಎಂದು ಕೇಳಿದರು. ಎಲೆಕ್ಷನ್ ಇನ್ನೂ ದೂರ ಇದೆಯಲ್ಲ ಎಂದೂ ಸೇರಿಸಿದರು.

ಚಂದ್ರಕಲಾ ತಾನು ಪಾರ್ಟಿಯವಳಲ್ಲ, ಕಂಪ್ಲಿ ರಸ್ತೆಯ ಸರ್ಕಾರಿ ಕಾಲೇಜಿನಲ್ಲಿ ಭೂಗೋಳ ಹೇಳುವವಳು ಎಂದರು. ಸುಂಕಪ್ಪನವರ ಮಗಳು ಹುಲಿಗೆಮ್ಮ ಪಿಯುಸಿಯಲ್ಲಿ ನೂರಕ್ಕೆ ಅರವತ್ತೊಂದು ತೆಗೆದಿದ್ದಾಳೆ, ಅವಳನ್ನು ಬಿ.ಎ.ಗೆ ಸೇರಿಸಬೇಕು, ಸೋಮವಾರ ಕೊನೆಯ ದಿನ. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ, ಕಾಲೇಜು ಎರಡು ಗಂಟೆಗೆ ಬಿಡುತ್ತದೆ, ಎರಡೂ ಮುಕ್ಕಾಲಿಗೆ ಮಗಳು ಮನೆಯಲ್ಲಿರುತ್ತಾಳೆ. ಈ ಮಾತುಗಳನ್ನು ಅವರು ಆ ಬೇಸಿಗೆಯಲ್ಲಿ ಎಪ್ಪತ್ತು ಮನೆಗಳಲ್ಲಿ ಹೇಳಿದ್ದರು. ಭೂಗೋಳ ಎಂದರೇನು ಎಂದು ಕೇಳಿದ್ದು ಎಂಟು ಮನೆಯವರು.

ಸುಂಕಪ್ಪ ಮಗಳನ್ನು ಹೊಸಪೇಟೆಯ ಬಟ್ಟೆ ಅಂಗಡಿಯೊಂದಕ್ಕೆ ಗೊತ್ತು ಮಾಡಿದ್ದರು. ಬಿಲ್ ಹಾಕುವ ಕೆಲಸ, ಸೋಮವಾರದಿಂದಲೇ.

"ಓದಿಸಿದ್ರ ನೌಕರಿ ಸಿಗತೈತೇನ್ರಿ ಮೇಡಂ?"

"ಸಿಗತೈತಿ ಅಂತ ನಾ ಹೇಳಂಗಿಲ್ರಿ. ಓದ್ಲಿಲ್ಲಂದ್ರ ಸಿಗಾದಿಲ್ಲ, ಅಷ್ಟು ಹೇಳಬಲ್ಲೆ."

"ನಿಮಗ ಸಿಕ್ಕೈತಲ್ಲ."

"ನಂದು ಪರ್ಮನೆಂಟ್ ಅಲ್ರಿ. ಅತಿಥಿ ಉಪನ್ಯಾಸಕಿ ಅಂತ."

"ಎಷ್ಟು ವರ್ಷಾತ್ರಿ?"

"ಹದಿನಾಲ್ಕು."

ಸುಂಕಪ್ಪ ಚಂದ್ರಕಲಾರನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. "ಹದಿನಾಲ್ಕು ವರ್ಷ ಉಳಕೊಂಡ ಅತಿಥೀನ ನಾ ಈಗ ನೋಡಿದ್ದು."

ಆಟೋದೊಳಗೆ ಕುಳಿತಿದ್ದ ವೆಂಕಟೇಶ್ ನಕ್ಕರು. ಚಂದ್ರಕಲಾ ನಗಲಿಲ್ಲ. ಆದರೆ ಈ ಮನೆಯ ಹೆಸರಿನ ಮೇಲೆ ಅಡ್ಡಗೆರೆ ಎಳೆಯದೆ ಪ್ರಶ್ನೆ ಚಿಹ್ನೆ ಹಾಕಿಕೊಂಡರು. ತಮಾಷೆ ಮಾಡಿದ ತಂದೆಯರು ಮಕ್ಕಳನ್ನು ಕರೆತರುವುದುಂಟು. ಯೋಚನೆ ಮಾಡುತ್ತೇವೆ ಎಂದು ಗಂಭೀರವಾಗಿ ಹೇಳಿದವರು ಬರುವುದಿಲ್ಲ. ಇದು ಅನುಭವದಿಂದ ಕಂಡುಕೊಂಡದ್ದು.

ವೆಂಕಟೇಶ್ ಚಂದ್ರಕಲಾರ ಗಂಡ. ಚಿತ್ತವಾಡ್ಗಿಯಿಂದ ಹೊಸಪೇಟೆ ಬಸ್ ನಿಲ್ದಾಣದವರೆಗೆ ಆಟೋ ಓಡಿಸುತ್ತಾರೆ. ಜೂನ್ ತಿಂಗಳಲ್ಲಿ ಬೆಳಿಗ್ಗೆ ಆರರಿಂದ ಹತ್ತರವರೆಗೆ ಆಟೋ ಹೆಂಡತಿಯದು ಎಂಬುದು ಮನೆಯ ಕರಾರು. "ನಾ ದಿನಾ ಪ್ಯಾಸೆಂಜರ್ ಹುಡುಕ್ತೀನಿ, ನೀನು ವರ್ಷಕ್ಕೊಮ್ಮೆ ಸ್ಟೂಡೆಂಟ್ ಹುಡುಕ್ತೀಯ. ನಂದು ವಾಸಿ," ಎಂದು ಅವರು ಪ್ರತಿ ಜೂನ್‌ನಲ್ಲಿ ಒಂದು ಸಲವಾದರೂ ಹೇಳುತ್ತಾರೆ.

ಸರ್ಕಾರಿ ಕಾಗದದ ಪ್ರಕಾರ ಆ ಬೆಳಿಗ್ಗೆ ಚಂದ್ರಕಲಾ ಕಾಲೇಜಿನವರಲ್ಲ. ಏಪ್ರಿಲ್ ಕೊನೆಯ ದಿನ ಅವರಿಗೆ ಬಿಡುಗಡೆ ಪತ್ರ ಕೊಡಲಾಗಿತ್ತು. ಪ್ರತಿ ವರ್ಷ ಕೊಡಲಾಗುತ್ತದೆ. ಹೊಸ ವರ್ಷದ ತರಗತಿಗಳು ಶುರುವಾದ ಮೇಲೆ ಆನ್‌ಲೈನ್‌ನಲ್ಲಿ ಮತ್ತೆ ಅರ್ಜಿ ಹಾಕಬೇಕು, ಕೌನ್ಸೆಲಿಂಗ್‌ನಲ್ಲಿ ಜಾಗ ಆರಿಸಿಕೊಳ್ಳಬೇಕು, ಕೆಲಸ ಖಾಯಂ ಮಾಡಿ ಎಂದು ಕೇಳುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಡಬೇಕು. ನೇರ ನೇಮಕಾತಿಯ ವಯಸ್ಸು ಅವರಿಗೆ ಎರಡು ವರ್ಷದ ಹಿಂದೆಯೇ ಮೀರಿದೆ. ಹದಿನಾಲ್ಕು ವರ್ಷದ ಸೇವಾ ಪ್ರಮಾಣಪತ್ರಗಳು ಮನೆಯಲ್ಲಿ ಒಂದು ಹಸಿರು ಫೈಲಿನಲ್ಲಿವೆ. ಒಂದು ಮುಗಿಯುವ ತಾರೀಕಿಗೂ ಮುಂದಿನದು ಶುರುವಾಗುವ ತಾರೀಕಿಗೂ ನಡುವೆ ಕೆಲವು ವರ್ಷ ಎರಡು ತಿಂಗಳು, ಕೆಲವು ವರ್ಷ ಐದು ತಿಂಗಳು ಖಾಲಿ ಇದೆ. ಒಮ್ಮೆ ಸ್ತಂಭಾಲೇಖ ಬಿಡಿಸುವ ಪಾಠಕ್ಕೆ ಅಂಕಿಅಂಶ ಬೇಕಾಯಿತು. ಯಾವ ವರ್ಷ ಎಷ್ಟು ದಿನ ತನಗೆ ಕೆಲಸವಿತ್ತು ಎಂಬುದನ್ನೇ ಅವರು ಹಲಗೆಯ ಮೇಲೆ ಬರೆದರು, ಏನೆಂದು ಹೇಳಲಿಲ್ಲ. ಇದು ಯಾವ ಊರಿನ ಮಳೆ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು.

ಇಷ್ಟಾದರೂ ಅವರು ಬೇಸಿಗೆಯಲ್ಲಿ ಊರೂರು ತಿರುಗುವುದಕ್ಕೆ ಕಾರಣ ಹದಿನೈದು ಎಂಬ ಸಂಖ್ಯೆ. ಆ ಕಾಲೇಜಿನಲ್ಲಿ ಬಿ.ಎ. ಸೇರುವವರೆಲ್ಲರಿಗೂ ಇತಿಹಾಸ, ಅರ್ಥಶಾಸ್ತ್ರ ಇದ್ದೇ ಇರುತ್ತವೆ. ಮೂರನೆಯ ವಿಷಯವಾಗಿ ಭೂಗೋಳ ಅಥವಾ ರಾಜ್ಯಶಾಸ್ತ್ರ ಆರಿಸಿಕೊಳ್ಳಬೇಕು. ಮೊದಲ ವರ್ಷದ ಭೂಗೋಳಕ್ಕೆ ಹದಿನೈದು ಮಂದಿ ಆಗದಿದ್ದರೆ ಆ ವರ್ಷ ವಿಷಯವನ್ನೇ ತೆರೆಯುವುದಿಲ್ಲ. ಹದಿನೈದು ಆದರೆ ಮೂರೂ ವರ್ಷದ ಪಾಠ, ಪ್ರಾಯೋಗಿಕ ಎಲ್ಲ ಸೇರಿ ವಾರಕ್ಕೆ ಹನ್ನೆರಡು ಗಂಟೆಯ ಕಾರ್ಯಭಾರ. ಅಷ್ಟಕ್ಕೆ ಒಬ್ಬ ಅತಿಥಿ ಉಪನ್ಯಾಸಕರು ಸಾಕು.

ಹದಿನಾರು ಆದರೆ ಬೇರೆ ಕಥೆ. ಪ್ರಾಯೋಗಿಕ ತರಗತಿಯ ಒಂದು ತಂಡದಲ್ಲಿ ಹದಿನೈದಕ್ಕಿಂತ ಹೆಚ್ಚು ಮಂದಿ ಇರುವಂತಿಲ್ಲ. ಹದಿನಾರನೆಯವರು ಬಂದ ಕೂಡಲೇ ತಂಡ ಎರಡಾಗುತ್ತದೆ, ನಾಲ್ಕು ಗಂಟೆ ಹೆಚ್ಚುತ್ತದೆ, ಒಟ್ಟು ಹದಿನಾರು ಗಂಟೆಯಾಗುತ್ತದೆ. ಹದಿನಾರು ಗಂಟೆ ಎಂದರೆ ಒಬ್ಬ ಖಾಯಂ ಪ್ರಾಧ್ಯಾಪಕರ ಪೂರ್ತಿ ಕೆಲಸ. ಆಗ ಆ ಜಾಗ ಖಾಯಂ ನೌಕರರ ವರ್ಗಾವಣೆ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತದೆ; ಯಾರು ಬೇಕಾದರೂ ಆರಿಸಿಕೊಳ್ಳಬಹುದು. ಕಡಿಮೆಯಾದರೆ ವಿಷಯ ಹೋಗುತ್ತದೆ, ಹೆಚ್ಚಾದರೆ ಚಂದ್ರಕಲಾ ಹೋಗುತ್ತಾರೆ.

ಆದ್ದರಿಂದ ಅವರು ಹದಿನಾಲ್ಕು ವರ್ಷ ಮೊದಲ ವರ್ಷದ ಸಂಖ್ಯೆಯನ್ನು ಹದಿನೈದಕ್ಕೆ ನಿಲ್ಲಿಸಿಕೊಂಡು ಬಂದಿದ್ದಾರೆ. ಕಾಲೇಜಿನ ಭೂಗೋಳ ಪ್ರಯೋಗಾಲಯದಲ್ಲಿ ಇರುವ ಸ್ಟೂಲುಗಳೂ ಹದಿನೈದೇ.

ಈ ಕೆಲಸವನ್ನು ಒಬ್ಬರೇ ಮಾಡಲಾಗುವುದಿಲ್ಲ. ರಾಜ್ಯಶಾಸ್ತ್ರದ ಅತಿಥಿ ಉಪನ್ಯಾಸಕ ಈಶ್ವರ್ ಚಂದ್ರಕಲಾರ ಜತೆಗಾರ. ರಾಜ್ಯಶಾಸ್ತ್ರಕ್ಕೆ ಪ್ರಾಯೋಗಿಕ ಇಲ್ಲ, ಅರವತ್ತರವರೆಗೆ ಎಷ್ಟು ಮಂದಿ ಬಂದರೂ ಅಪಾಯವಿಲ್ಲ. ಭೂಗೋಳಕ್ಕೆ ಹೆಚ್ಚಾದವರನ್ನು ಚಂದ್ರಕಲಾ ಈಶ್ವರ್ ಕಡೆಗೆ ಕಳಿಸುತ್ತಾರೆ, ಕಡಿಮೆ ಬಿದ್ದ ವರ್ಷ ಈಶ್ವರ್ ತಮ್ಮ ಪಟ್ಟಿಯಿಂದ ಕೊಡುತ್ತಾರೆ. ಜೂನ್ ಕೊನೆಯಲ್ಲಿ ಕಾಲೇಜಿನ ಎದುರಿನ ಹೋಟೆಲಿನಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿನ್ನುತ್ತಾ ಈ ವಿನಿಮಯ ನಡೆಯುತ್ತದೆ. ಮಕ್ಕಳಿಗೆ ಗೊತ್ತಾಗುವುದಿಲ್ಲ. ಯಾವ ವಿಷಯ ಸುಲಭ ಎಂದು ಕೇಳಿದ ಮಗುವಿಗೆ ಆ ದಿನ ಯಾವುದು ಬೇಕೋ ಅದು ಸುಲಭ. ಈ ವರ್ಷ ಬೇಡಿಕೆ ಕಡಿಮೆಯಿತ್ತು. ಈಶ್ವರ್ ಇಬ್ಬರನ್ನು ಬಿಟ್ಟುಕೊಟ್ಟರು. ಅವರನ್ನೂ ಸೇರಿಸಿ ಹದಿನಾಲ್ಕು ಆಗಿತ್ತು.

ಸೋಮವಾರ ಬೆಳಿಗ್ಗೆ ಇಬ್ಬರೂ ಪ್ರವೇಶದ ಮೇಜಿನ ಹಿಂದೆ ಕುಳಿತರು. ಬಿಡುಗಡೆಯಾದವರು ಪ್ರವೇಶದ ಕೆಲಸಕ್ಕೆ ಬರಬೇಕೆಂದು ಯಾವ ಆದೇಶದಲ್ಲೂ ಇಲ್ಲ. ಬರದಿದ್ದರೆ ಏನಾಗುತ್ತದೆ ಎಂದು ಯಾರೂ ನೋಡಿಲ್ಲ. ಹನ್ನೊಂದು ಗಂಟೆಗೆ ಸುಂಕಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಮಗಳೊಂದಿಗೆ ಬಂದರು. ಬಟ್ಟೆ ಅಂಗಡಿಯವರಿಗೆ ಮಗಳಿಗೆ ಜ್ವರ ಎಂದು ಹೇಳಿ ಬಂದಿದ್ದರಂತೆ.

"ಹದಿನಾಲ್ಕು ವರ್ಷ ಕಾಯಂ ಆಗ್ಲಾರದ ಹಂಗ ದುಡೀತಾರಂದ್ರ ಆ ಕಾಲೇಜಿನ್ಯಾಗ ಏನೋ ಇರಬೇಕು ಅಂತ ಇಕಿ ಅವ್ವ ಅಂದ್ಲು," ಎಂದರು.

ಹುಲಿಗೆಮ್ಮನ ಅರ್ಜಿಯಲ್ಲಿ ಚಂದ್ರಕಲಾ ತಾವೇ ಭೂಗೋಳದ ಚೌಕದೊಳಗೆ ಗುರುತು ಹಾಕಿಸಿದರು. ಕಚೇರಿಯ ಗುಮಾಸ್ತ ಲಿಂಗರಾಜ್ ಅದನ್ನು ಕಂಪ್ಯೂಟರಿಗೆ ಏರಿಸಿ, ಕಿಟಕಿಯಿಂದ ಕೈ ಹೊರಗೆ ಹಾಕಿ ಐದು ಬೆರಳನ್ನು ಮೂರು ಸಲ ತೋರಿಸಿದರು. ಚಂದ್ರಕಲಾ ಎದುರಿನ ಹೋಟೆಲಿಗೆ ಹೋಗಿ ಆ ತಿಂಗಳಲ್ಲಿ ಮೊದಲ ಸಲ ಪಟ್ಟಿ ಬಿಚ್ಚದೆ ಕುಳಿತು ಚಹಾ ಕುಡಿದರು. ವೆಂಕಟೇಶ್‌ಗೆ ಫೋನ್ ಮಾಡಿ, ನಾಳೆಯಿಂದ ಬೆಳಿಗ್ಗೆ ಆಟೋ ನಿಮ್ಮದು ಎಂದರು.

ಮಧ್ಯಾಹ್ನ ಮೂರೂ ನಲವತ್ತಕ್ಕೆ ಒಬ್ಬ ಅಜ್ಜಿ, ಒಬ್ಬ ಹುಡುಗಿ ಬಂದರು. ದರೋಜಿ ಕಡೆಯಿಂದ ಎರಡು ಬಸ್ಸು ಬದಲಿಸಿ ಬಂದಿದ್ದರು. ಅಜ್ಜಿ ಮರುಳಸಿದ್ದಮ್ಮ, ಮೊಮ್ಮಗಳು ಗಂಗಾ. ಚಂದ್ರಕಲಾರ ಪಟ್ಟಿಯಲ್ಲಿ ಈ ಹೆಸರು ಇರಲೇ ಇಲ್ಲ. ಆಟೋ ಅಷ್ಟು ದೂರ ಹೋಗಿರಲಿಲ್ಲ. ಯಾರೂ ಕರೆಯದೆ ತಾನಾಗಿ ಬಂದ ವಿದ್ಯಾರ್ಥಿನಿ ಆ ವರ್ಷ ಆಕೆ ಒಬ್ಬಳೇ.

ಈಶ್ವರ್ ಅಭ್ಯಾಸಬಲದಿಂದ ಅರ್ಜಿಗೆ ಕೈ ಚಾಚಿದರು. "ಬಾಮ್ಮ, ಕುಂದ್ರು. ರಾಜ್ಯಶಾಸ್ತ್ರ ಬರ್ಕೊಳ್ಳಲೇನು?"

"ಭೂಗೋಳ ಬೇಕ್ರಿ ಸರ್."

"ಅದ್ರಾಗ ಪ್ರಾಕ್ಟಿಕಲ್ ಐತಿ. ಭಾಳ ಕಷ್ಟ."

ಹುಡುಗಿ ಚಂದ್ರಕಲಾರ ಕಡೆ ನೋಡಿದಳು. ಚಂದ್ರಕಲಾ ಪೆನ್ನಿನ ಮುಚ್ಚಳವನ್ನು ತೆಗೆಯುತ್ತಾ ಮತ್ತೆ ಹಾಕುತ್ತಾ ಇದ್ದರು. ರಾಜ್ಯಶಾಸ್ತ್ರ ಒಳ್ಳೆಯ ವಿಷಯ, ಪರೀಕ್ಷೆಗಳಿಗೆ ಉಪಯೋಗ ಎಂದು ಅವರೂ ಹೇಳಿದರು. ಇದೇ ಮಾತನ್ನು ಹಿಂದಿನ ವರ್ಷಗಳಲ್ಲಿ ಹನ್ನೊಂದು ಮಂದಿಗೆ ಹೇಳಿದ್ದಾರೆ. ಹನ್ನೊಂದು ಮಂದಿಯೂ ಒಪ್ಪಿದ್ದರು.

ಹುಡುಗಿ ಅಜ್ಜಿಯ ಕಡೆ ತಿರುಗಿದಳು. ಅಜ್ಜಿ ಚೀಲದಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದು, ಅದರೊಳಗಿನ ಹಾಳೆಯನ್ನು ಮೇಜಿನ ಮೇಲೆ ಬಿಡಿಸಿದರು. ಹೊಲದ ಸರ್ವೆ ನಕ್ಷೆ. ಮಡಿಕೆಗಳಲ್ಲಿ ಹರಿದು, ಹಿಂದಿನಿಂದ ಟೇಪು ಅಂಟಿಸಿದ್ದು.

"ಬದುವಿನ ಜಗಳಕ್ಕ ಮೂರು ಸಲ ಅಳಿಯಾಕ ಬಂದ್ರು. ಮೂರು ಸಲಾನೂ, ಇಲ್ಲೈತಿ ನೋಡವ್ವ ನಿನ್ನ ಕಲ್ಲು, ಅಂತ ಇದ್ರ ಮ್ಯಾಲೆ ಬೆರಳಿಟ್ರು. ಮೂರು ಸಲಾನೂ ಬ್ಯಾರೆ ಬ್ಯಾರೆ ಕಡೆ ಇಟ್ರು," ಎಂದರು ಮರುಳಸಿದ್ದಮ್ಮ. "ನನಗಂತೂ ಓದಾಕ ಬರಂಗಿಲ್ಲ. ಇಕಿಗಾರ ಬರ್ಲಿ ಅಂತ. ಇದನ್ನ ಓದೋದು ಕಲಿಸೋರು ಇಲ್ಲಿ ಯಾರ್ರಿ?"

ಈಶ್ವರ್ ಚಂದ್ರಕಲಾರನ್ನು ನೋಡಲಿಲ್ಲ. ಫ್ಯಾನನ್ನು ನೋಡಿದರು.

ಹಾಳೆಯನ್ನು ಅಜ್ಜಿ ತಲೆಕೆಳಗಾಗಿ ಬಿಡಿಸಿದ್ದರು. ಚಂದ್ರಕಲಾರಿಗೆ ತಲೆಕೆಳಗಾದ ನಕ್ಷೆಯನ್ನು ಹಾಗೇ ಬಿಡುವುದು ಸಾಧ್ಯವಿಲ್ಲ. ಬಸ್ ನಿಲ್ದಾಣದ ಗೋಡೆಯ ಮೇಲೆ ಸೊಟ್ಟಗಿದ್ದ ನಕ್ಷೆಯನ್ನೂ ಸರಿಮಾಡಿ ಬಂದವರು. ಕೈ ತಾನಾಗಿ ಹೋಗಿ ಹಾಳೆಯನ್ನು ತಿರುಗಿಸಿತು.

"ಈ ಬಾಣ ಉತ್ತರ ದಿಕ್ಕು. ನಿಮ್ಮ ಹೊಲಕ್ಕ ಗುಡ್ಡ ಯಾವ ಕಡೆ?"

"ಹೊತ್ತು ಮುಳುಗೋ ಕಡೆ," ಎಂದಳು ಗಂಗಾ.

"ಹಂಗಾದ್ರ ಇಲ್ಲಿ ಬರತೈತಿ ಗುಡ್ಡ. ಈಗ ನೀನು ಗುಡ್ಡಕ್ಕ ಬೆನ್ನು ಮಾಡಿ ನಿಂತಿ ಅನ್ಕೋ."

ಹುಡುಗಿ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಒಂದು ಸಣ್ಣ ವೃತ್ತದ ಮೇಲೆ ಬೆರಳಿಟ್ಟಳು. "ಇದು ನಮ್ಮ ಬಾವಿ ಆಗಬೇಕಲ್ರಿ ಮೇಡಂ. ಹಂಗಾದ್ರ ಕಲ್ಲು ಬಾವಿಗಿಂತ ಆಚಿಗೈತಿ."

ಪಾಠ ಶುರುವಾದ ಮೇಲೆ ಅರ್ಜಿಯನ್ನು ಬೇರೆ ವಿಷಯಕ್ಕೆ ಕಳಿಸುವುದು ಕಷ್ಟ. ಚಂದ್ರಕಲಾ ಅಜ್ಜಿ, ಮೊಮ್ಮಗಳಿಗೆ ನೀರು ಕೊಟ್ಟು ಕೂರಿಸಿ, ಪ್ರಾಂಶುಪಾಲರ ಕೋಣೆಗೆ ಹೋದರು.

ಪ್ರಾಂಶುಪಾಲ ದೊಡ್ಡಬಸಪ್ಪ ನಿವೃತ್ತಿಗೆ ಎರಡು ವರ್ಷ ಇರುವವರು. ಹದಿನೈದರ ಲೆಕ್ಕ ಅವರಿಗೆ ಗೊತ್ತು. ಗೊತ್ತಿದೆ ಎಂದು ಅವರು ಎಂದೂ ತೋರಿಸಿಕೊಂಡಿಲ್ಲ. ವಿಷಯ ಕೇಳಿ ಕನ್ನಡಕ ತೆಗೆದಿಟ್ಟು, ಲಿಂಗರಾಜ್‌ರನ್ನು ಕರೆದರು. ಹದಿನಾರು ಮಂದಿಯನ್ನು ಒಂದೇ ತಂಡ ಎಂದು ಬರೆಯಲಾಗುತ್ತದೆಯೇ ಎಂದು ಕೇಳಿದರು. ಲಿಂಗರಾಜ್ ಹಿಂದೆಯೇ ಪ್ರಯತ್ನಿಸಿ ನೋಡಿದ್ದರು. ಹದಿನಾರು ಎಂದು ಒತ್ತಿದ ತಕ್ಷಣ ಕಂಪ್ಯೂಟರ್ ತಾನೇ ಎರಡು ತಂಡ ಮಾಡಿ ಗಂಟೆ ಕೂಡಿಸಿಕೊಳ್ಳುತ್ತದೆ, ಅಳಿಸಲು ಬಿಡುವುದಿಲ್ಲ ಎಂದರು.

ದೊಡ್ಡಬಸಪ್ಪ ಇನ್ನೊಂದು ದಾರಿ ಹೇಳಿದರು. ಕಾರ್ಯಭಾರದ ವಿವರ ಆ ಸಂಜೆಯೇ ಇಲಾಖೆಗೆ ಹೋಗುತ್ತದೆ. ಅದಾದ ಮೇಲೆ ದಂಡ ಕಟ್ಟಿ ಸೇರುವವರು ವರ್ಗಾವಣೆಯ ಲೆಕ್ಕಕ್ಕೆ ಬರುವುದಿಲ್ಲ.

"ಒಂದು ವಾರ ಬಿಟ್ಟು ಬಾ ಅಂತ ಹೇಳ್ರಿ ಮೇಡಂ. ದಂಡ ಬೇಕಾದ್ರ ನಾನ ಕಟ್ತೀನಿ."

ಇದು ಒಳ್ಳೆಯ ಮನಸ್ಸಿನಿಂದ ಬಂದ ಸಲಹೆ, ನಿಯಮಕ್ಕೂ ವಿರುದ್ಧವಲ್ಲ. ಚಂದ್ರಕಲಾ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಒಂದು ವಾರ ಬಿಟ್ಟು ಬರುತ್ತೇವೆ ಎಂದು ಪ್ರವೇಶದ ಮೇಜಿನಿಂದ ಎದ್ದು ಹೋದವರು ಹದಿನಾಲ್ಕು ವರ್ಷದಲ್ಲಿ ನಲವತ್ತಕ್ಕಿಂತ ಹೆಚ್ಚು. ಅವರಲ್ಲಿ ಮರಳಿ ಬಂದವರು ಮೂವರು. ಮೂವರಲ್ಲಿ ಒಬ್ಬಳು ಮದುವೆಯ ಕಾರ್ಡು ಕೊಡಲು ಬಂದಿದ್ದಳು.

"ಬರಂಗಿಲ್ರಿ ಸರ್," ಎಂದರು.

"ಎರಡು ಬಸ್ಸು ಬದಲಿಸಿ ಬಂದಾಳಂತೀರಿ. ಅಂಥಾಕಿ ಮತ್ತ ಬರ್ತಾಳ."

"ಇವತ್ತು ಅಜ್ಜಿ ಕರ್ಕೊಂಡು ಬಂದಾಳ್ರಿ. ಮುಂದಿನ ವಾರ ಮನ್ಯಾಗ ಯಾರ ಮಾತು ನಡೀತೈತೋ."

ದೊಡ್ಡಬಸಪ್ಪ ಕನ್ನಡಕ ಹಾಕಿಕೊಂಡರು. ಲಿಂಗರಾಜ್ ಬಾಗಿಲಲ್ಲಿ ನಿಂತು ಗಡಿಯಾರ ನೋಡಿದರು; ನಾಲ್ಕೂ ಹತ್ತು. ಐದಕ್ಕೆ ಪಟ್ಟಿ ಮುಚ್ಚಬೇಕು. ಚಂದ್ರಕಲಾ ಹೊರಗೆ ಬಂದು, ಗಂಗಾಳ ಅರ್ಜಿಯಲ್ಲಿ ಭೂಗೋಳದ ಚೌಕಕ್ಕೆ ಗುರುತು ಹಾಕಿಸಿ, ಕೆಳಗೆ ಪರಿಶೀಲಿಸಿದವರು ಎಂಬಲ್ಲಿ ಸಹಿ ಮಾಡಿದರು. ಈ ಸಲ ಲಿಂಗರಾಜ್ ಕಿಟಕಿಯಿಂದ ಬೆರಳು ತೋರಿಸಲಿಲ್ಲ.

ಸಂಜೆ ಚಿತ್ತವಾಡ್ಗಿಯ ಮನೆಯಲ್ಲಿ ವೆಂಕಟೇಶ್ ಇದನ್ನು ಎರಡು ಸಲ ಹೇಳಿಸಿಕೊಂಡು ಕೇಳಿದರು. ಮೊದಲ ಸಲ ಅವರಿಗೆ ನಂಬಿಕೆ ಬರಲಿಲ್ಲ.

"ನನ್ನ ಪರ್ಮಿಟ್ ಮೂರು ಮಂದಿಗೆ. ನಾ ಆರು ಮಂದಿ ಹತ್ತಿಸ್ಕೊಂಡು ಓಡಿಸ್ತೀನಿ," ಎಂದರು. "ನಿಮ್ಮ ಗಾಡಿ ಒಬ್ಬಾಕಿ ಹೆಚ್ಚಾದ್ಲು ಅಂತ ನಿಂತು ಹೋತಲ್ಲ."

"ಇನ್ನಾ ನಿಂತಿಲ್ರೀ. ಪಟ್ಟಿಗೆ ಬಂದ್ರ ಯಾರಾದ್ರೂ ಆರಿಸ್ಕೋಬೇಕಲ್ಲ."

ಈ ಮಾತಿನಲ್ಲಿ ಅರ್ಥವಿತ್ತು. ವರ್ಗಾವಣೆ ಪಟ್ಟಿಗೆ ಬಂದ ಜಾಗಗಳೆಲ್ಲ ತುಂಬುವುದಿಲ್ಲ. ದೊಡ್ಡ ಊರಿನವು ಮೊದಲು ಹೋಗುತ್ತವೆ. ಬಸ್ಸು ಇಳಿದು ಗದ್ದೆಯ ಬದಿ ಅರ್ಧ ಕಿಲೋಮೀಟರ್ ನಡೆಯಬೇಕಾದ, ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು ಬರುವ ಕಾಲೇಜನ್ನು ಯಾರೂ ಕೇಳದೇ ಇರಬಹುದು. ಮುಂದಿನ ಮೂರು ವಾರ ಚಂದ್ರಕಲಾ ಈ ಲೆಕ್ಕದ ಮೇಲೆ ದಿನ ದೂಡಿದರು. ಹಸಿರು ಫೈಲು ತೆಗೆದು ಪ್ರಮಾಣಪತ್ರಗಳನ್ನು ತಾರೀಕಿನ ಪ್ರಕಾರ ಜೋಡಿಸಿದರು. ಅವು ಮೊದಲೇ ತಾರೀಕಿನ ಪ್ರಕಾರ ಇದ್ದವು. ಪ್ರಯೋಗಾಲಯದ ಬೀಗದ ಕೈ ಅವರ ಬಳಿಯೇ ಇತ್ತು. ಬಿಡುಗಡೆಯಾದಾಗ ಒಪ್ಪಿಸಬೇಕು, ಆದರೆ ಒಂದು ಬೇಸಿಗೆಯಲ್ಲಿ ಒಪ್ಪಿಸಿ ಬಂದಾಗ ಏಷ್ಯಾ ಖಂಡದ ಭೂಪಟವನ್ನು ಚೀನಾದಿಂದ ಕೆಳಗೆ ಗೆದ್ದಲು ತಿಂದಿತ್ತು. ಆಮೇಲೆ ಕೀಲಿ ಕೇಳುವುದನ್ನು ದೊಡ್ಡಬಸಪ್ಪ ಬಿಟ್ಟಿದ್ದರು.

ಖಾಯಂ ನೌಕರರ ವರ್ಗಾವಣೆಯ ಕೌನ್ಸೆಲಿಂಗ್ ದಿನ ಹನ್ನೆರಡು ಗಂಟೆಗೆ ಲಿಂಗರಾಜ್ ಫೋನ್ ಮಾಡಿದರು. ನಮಸ್ಕಾರ ಹೇಳಿ, ಊಟ ಆಯಿತೇ ಎಂದು ಕೇಳಿದರು. ಹನ್ನೆರಡು ಗಂಟೆಗೆ ಊಟ ಕೇಳುವವರು ಲಿಂಗರಾಜ್ ಅಲ್ಲ. ಆದ್ದರಿಂದ ಚಂದ್ರಕಲಾ, ಯಾರು ಬರುತ್ತಿದ್ದಾರೆ ಎಂದು ಮಾತ್ರ ಕೇಳಿದರು.

ಬಂದವರ ಹೆಸರು ಶೈಲಜಾ. ಸಹಾಯಕ ಪ್ರಾಧ್ಯಾಪಕಿ, ನಲವತ್ತೇಳು ವರ್ಷ. ಹನ್ನೊಂದು ವರ್ಷ ಬೀದರ್ ಜಿಲ್ಲೆಯಲ್ಲಿ ಬಾಡಿಗೆ ಕೋಣೆಯಲ್ಲಿದ್ದರು. ಗಂಡ ಹಾಲೇಶ್ ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುತ್ತಾರೆ, ಅತ್ತೆಗೆ ಕಣ್ಣು ಕಾಣುವುದಿಲ್ಲ. ಹನ್ನೊಂದು ವರ್ಷವೂ ಅವರು ಕಂಪ್ಲಿ ಸುತ್ತ ಭೂಗೋಳದ ಜಾಗ ಪಟ್ಟಿಗೆ ಬರುತ್ತದೆಯೇ ಎಂದು ನೋಡುತ್ತಿದ್ದರು. ಬರುತ್ತಿರಲಿಲ್ಲ. ಏಕೆ ಬರುತ್ತಿರಲಿಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲ.

ಶೈಲಜಾ ಹಾಜರಾದ ದಿನ ಚಂದ್ರಕಲಾ ಕೀಲಿ ಒಪ್ಪಿಸಲು ಹೋದರು. ಯಾರೂ ಕರೆದಿರಲಿಲ್ಲ, ಆದರೆ ಪ್ರಯೋಗಾಲಯದ ಬಾಗಿಲು ಮೇಲಕ್ಕೆತ್ತಿ ತಳ್ಳಿದರೆ ಮಾತ್ರ ತೆರೆಯುತ್ತದೆ, ಅದನ್ನು ತೋರಿಸಬೇಕಿತ್ತು. ಒಳಗೆ ಒಂದು ದಿಕ್ಸೂಚಿ, ಎರಡು ಅಳತೆ ಸರಪಳಿ, ಹದಿನೈದು ಸ್ಟೂಲು. ಕಿಟಕಿಯ ಬಳಿಯದು ಕುಂಟುತ್ತದೆ, ಅದರ ಕಾಲಿಗೆ ರಟ್ಟು ಇಡಬೇಕು ಎಂದರು. ಗೋಡೆಯ ಮೇಲೆ ಹಂಪಿ ಬಜಾರಿನ ಹದಿನಾಲ್ಕು ನಕ್ಷೆಗಳಿದ್ದವು. ಪ್ರತಿ ವರ್ಷ ಮೊದಲ ವರ್ಷದವರು ಅಲ್ಲಿಗೆ ಹೋಗಿ ಬೀದಿಯ ಉದ್ದ ಅಳೆದು ಬಿಡಿಸಿದವು. ಶೈಲಜಾ ಒಂದೊಂದರ ಕೆಳಗಿನ ಅಂಕಿಯನ್ನೂ ಓದಿದರು. ಹದಿನಾಲ್ಕು ವರ್ಷದಲ್ಲಿ ಬೀದಿಯ ಉದ್ದ ಹದಿನಾಲ್ಕು ಬಗೆಯಾಗಿ ಬಂದಿತ್ತು.

"ಸರಪಳಿ ಹಳೇದು," ಎಂದರು ಚಂದ್ರಕಲಾ. "ಮತ್ತ ನಡುವ ಆಕಳು ಬರತಾವು."

ಶೈಲಜಾ ನಕ್ಕರು. ಬೀದರ್‌ನಲ್ಲಿ ತಮಗೆ ಕೋಟೆ ಅಳೆಸುವಾಗಲೂ ಹೀಗೇ ಆಗುತ್ತಿತ್ತು ಎಂದರು. ಆಮೇಲೆ ಸುತ್ತ ನೋಡಿ, ಇಷ್ಟು ವರ್ಷ ಇಲ್ಲಿ ಯಾರಿದ್ದರು ಎಂದು ಕೇಳಿದರು.

"ನಾನ ಇದ್ದೆ."

ಶೈಲಜಾ ಒಂದು ಸ್ಟೂಲಿನ ಮೇಲೆ ಕುಳಿತರು. ಅದು ಕುಂಟುವ ಸ್ಟೂಲು. ತಮಗೆ ಈ ವಿಷಯ ಗೊತ್ತಿರಲಿಲ್ಲವೆಂದೂ, ಪಟ್ಟಿಯಲ್ಲಿ ಖಾಲಿ ಎಂದಷ್ಟೇ ಇತ್ತೆಂದೂ ಹೇಳಿದರು. ಚಂದ್ರಕಲಾ ಅದು ಹಾಗೇ ಇರುತ್ತದೆ ಎಂದರು.

"ಹದಿನಾರು ಗಂಟಿ ಆದದ್ದಕ್ಕ ನಾ ಮನಿಗೆ ಬಂದೆ ನೋಡ್ರಿ. ಯಾರ ಪುಣ್ಯಾನೋ."

"ಗಂಗಾ ಅಂತ, ದರೋಜಿ ಕಡೆ ಹುಡುಗಿ," ಎಂದರು ಚಂದ್ರಕಲಾ. "ಆಕಿ ಒಂದು ಹೊಲದ ನಕ್ಷೆ ತರ್ತಾಳ್ರಿ. ಸಿಲೆಬಸ್ ಆಮ್ಯಾಲೆ ಮಾಡ್ರಿ, ಮೊದ್ಲು ಅದನ್ನ ಓದಾಕ ಕಲಿಸ್ರಿ."

ಶೈಲಜಾ ಡೈರಿಯಲ್ಲಿ ಹೆಸರು ಬರೆದುಕೊಂಡರು. ಕೀಲಿ ಪಡೆದದ್ದಕ್ಕೆ ಒಂದು ರಸೀದಿಯನ್ನೂ ಬರೆದುಕೊಟ್ಟರು. ಮೊದಲ ವರ್ಷದವರು ಈಗ ಎರಡು ತಂಡವಾದ್ದರಿಂದ ಪ್ರಾಯೋಗಿಕ ತರಗತಿಗೆ ಒಂದು ಸಲಕ್ಕೆ ಎಂಟು ಮಂದಿ ಬರುತ್ತಾರೆ. ಏಳು ಸ್ಟೂಲು ಖಾಲಿ ಇರುತ್ತವೆ.

ಆ ವಾರವೇ ಸುಂಕಪ್ಪನವರ ಫೋನ್ ಬಂತು. ಮಗಳು ಕಾಲೇಜಿಗೆ ಹೋಗುತ್ತಿದ್ದಾಳೆ, ಹೊಸ ಮೇಡಂ ಚೆನ್ನಾಗಿ ಹೇಳುತ್ತಾರಂತೆ. "ಮನಿತನ ಬಂದು ಕರ್ಕೊಂಡು ಹೋದೋರು ನೀವು. ಈಗ ನೀವಾ ಇಲ್ಲಂತಲ್ರಿ ಮೇಡಂ," ಎಂದರು. ಚಂದ್ರಕಲಾ ಹುಲಿಗೆಮ್ಮನ ಹಾಜರಾತಿ ನೋಡಿಕೊಳ್ಳಿ, ಮುಕ್ಕಾಲು ಭಾಗಕ್ಕಿಂತ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಹೇಳಿ ಇಟ್ಟರು.

ಅತಿಥಿ ಉಪನ್ಯಾಸಕರ ಕೌನ್ಸೆಲಿಂಗ್ ಜುಲೈ ಕೊನೆಯಲ್ಲಿ ನಡೆಯಿತು. ಹೊಸಪೇಟೆಯಿಂದ ಹೋಗಿಬರಬಹುದಾದ ದೂರದಲ್ಲಿ ಭೂಗೋಳದ ಗಂಟೆಗಳು ಉಳಿದಿದ್ದದ್ದು ಒಂದೇ ಕಡೆ, ಸಂಡೂರು ತಾಲ್ಲೂಕಿನ ಒಂದು ಕಾಲೇಜಿನಲ್ಲಿ. ಈಗ ವಾರಕ್ಕೆ ಎಂಟು ಗಂಟೆ. ಅದೂ ಹಿಂದಿನ ವರ್ಷ ಸೇರಿದವರು ಇರುವುದರಿಂದ. ಚಂದ್ರಕಲಾ ಅದನ್ನು ಆರಿಸಿಕೊಂಡು ಹದಿನೈದನೆಯ ಮುಚ್ಚಳಿಕೆಗೆ ಸಹಿ ಮಾಡಿದರು. ಹೊಸಪೇಟೆಯಿಂದ ಬಸ್ಸು ಏಳೂವರೆಗೆ. ಅದಿರಿನ ಲಾರಿಗಳು ಎದುರು ಸಿಕ್ಕದಿದ್ದರೆ ಒಂಬತ್ತೂಕಾಲಿಗೆ ಮುಟ್ಟುತ್ತದೆ. ಅಲ್ಲಿ ಮೊದಲ ವರ್ಷದ ಭೂಗೋಳಕ್ಕೆ ಹನ್ನೊಂದು ಮಂದಿ ಸೇರಿದ್ದಾರೆ, ಇನ್ನೂ ನಾಲ್ವರು ಬೇಕು. ದಂಡ ಕಟ್ಟಿ ಸೇರಲು ಆಗಸ್ಟ್ ಹತ್ತರವರೆಗೆ ಅವಕಾಶವಿದೆ.